ಕೊನೇಬೀದಿಯ ಬಣ್ಣದ ಕೋಣೆ

ನಮ್ಮ ಊರಿನಲ್ಲಿ ಬಿಸಿಲು ಸರದಿಯ ಮೇಲೆ ಬರುತ್ತದೆ. ಒಂದು ಬೀದಿಯಲ್ಲಿ ಎರಡು ದಿನ ಇದ್ದು ಮುಂದಿನ ಬೀದಿಗೆ ಹೋಗುತ್ತದೆ. ಉಳಿದ ಬೀದಿಗಳಲ್ಲಿ ಬೆಳಕಿಗೇನೂ ಕಡಿಮೆಯಿಲ್ಲ, ಆದರೆ ನೆರಳು ಬೀಳುವುದಿಲ್ಲ, ಒಗೆದ ಬಟ್ಟೆ ಒಣಗುವುದಿಲ್ಲ. ನಾನಿರುವುದು ಕೊನೇಬೀದಿಯಲ್ಲಿ. ಬಿಸಿಲು ಊರೆಲ್ಲ ಮುಗಿಸಿಕೊಂಡು ನಮ್ಮಲ್ಲಿಗೆ ಬರುವ ಹೊತ್ತಿಗೆ ಹಾಸಿಗೆಗಳು ಮುಗ್ಗಲು ಹಿಡಿದಿರುತ್ತವೆ, ಜನರ ಮೈ ನೀರಿನಲ್ಲಿ ನೆನೆಸಿದ ಅವರೆಬೇಳೆಯ ಹಾಗೆ ಆಗಿರುತ್ತದೆ. ಯಾವಾಗಲೂ ಮೊದಲನೇ ಬೀದಿಯಿಂದಲೇ ಯಾಕೆ ಶುರುವಾಗಬೇಕು ಎಂದು ಏಳನೇ ಕ್ಲಾಸಿನಲ್ಲಿ ಮೇಷ್ಟ್ರನ್ನು ಕೇಳಿದೆ. "ಸುತ್ತೋದಕ್ಕೆ ಮೊದಲೆಲ್ಲಿ, ಕೊನೆಯೆಲ್ಲಿ? ಕೂತ್ಕೋ," ಎಂದರು. ಹಾಗಾದರೆ ನಮ್ಮದಕ್ಕೆ ಕೊನೇಬೀದಿ ಅಂತ ಹೆಸರಿಟ್ಟವನು ಯಾವನು ಎಂದೆ. ಹೊರಗೆ ನಿಲ್ಲು ಎಂದರು. ಹೊರಗೆ ನಿಂತೆ. ನಿಂತು ನಿಂತು ಬೇಸರವಾಗಿ ಮನೆಗೆ ಹೋದೆ. ಆಮೇಲೆ ಶಾಲೆಗೆ ಹೋಗಲೇ ಇಲ್ಲ.

ಬಿಸಿಲು ಬಂದ ದಿನ ಬೀದಿಯವರು ಯಾರೂ ಮನೆಯೊಳಗೆ ಇರಬಾರದು ಎನ್ನುವುದು ಕಟ್ಟಳೆ. ಬಿಸಿಲು ಹೋದ ಮೇಲೆ ಒಂದು ದಿನ ಬಿಟ್ಟು, ಬಣ್ಣ ಮೈಯಲ್ಲಿ ಕೂತ ಮೇಲೆ, ಕೈಸಾಲು ನಡೆಯುತ್ತದೆ. ಬೀದಿಯ ತುದಿಯ ಉದ್ದನೆಯ ಜಗಲಿಯ ಮೇಲೆ ಎಲ್ಲರೂ ಪಕ್ಕಪಕ್ಕದಲ್ಲಿ ಎರಡೂ ಕೈ ಚಾಚಿ ಇಡಬೇಕು. ಯಜಮಾನ ಪುಟ್ಟಮಾದಯ್ಯನವರು ಆ ತುದಿಯಿಂದ ಈ ತುದಿಯವರೆಗೆ ಬಗ್ಗಿ ನೋಡುತ್ತಾ ಬರುತ್ತಾರೆ. ಪಕ್ಕದವರ ಕೈಗೆ ಹೊಂದದ ಕೈ ಕಂಡರೆ ನಿಂತು, "ಎಲ್ಲೋಗಿದ್ದೆ?" ಎಂದು ಕೇಳುತ್ತಾರೆ. ಅಷ್ಟೇ. ಅಷ್ಟಕ್ಕೇ ಮುಗಿಯಿತು. ಬಿಸಿಲು ತಪ್ಪಿಸಿಕೊಂಡವರು ಬಿಸಿಲು ಬೇಡಬೇಕು. ಗಾಡಿಯ ಹಿಂಬದಿಯಲ್ಲಿ ನಿಂತು, ಬಿಸಿಲು ಈಗ ಇರುವ ಬೀದಿಗೆ ಹೋಗಿ, ಅಲ್ಲಿಯ ಜನರೆದುರು ಸಂಜೆಯವರೆಗೆ ಕೈ ಚಾಚಿಕೊಂಡು ನಿಂತು ಬರಬೇಕು. ಆ ಬೀದಿಯ ಮಕ್ಕಳು ಬಂದು ನಿಮ್ಮ ಅಂಗೈಯಲ್ಲಿ ಹುಣಸೆಬೀಜ ಇಟ್ಟು ಹೋಗುತ್ತಾರೆ. ಗಾಡಿ ಓಡಿಸುವವರಿಗೆ ಮಾತ್ರ ಕೈಸಾಲು ಇಲ್ಲ. ಅವರು ಬೀದಿ ಬೀದಿ ಸುತ್ತುವವರು, ಅವರ ಬಣ್ಣ ಯಾರ ಅಂದಾಜಿಗೂ ಸಿಗುವುದಿಲ್ಲ. ನಮ್ಮ ಬೀದಿಗೆ ಇದ್ದದ್ದು ಒಂದೇ ಗಾಡಿ, ಲಕ್ಕಣ್ಣನ ಗೂಡ್ಸ್ ಗಾಡಿ. ಅವನ ಕಣ್ಣಿಗೆ ಪೊರೆ ಬಂದ ಮೇಲೆ ಅದೂ ಮನೆ ಮುಂದೆ ನಿಂತಿತ್ತು.

ಶಾಲೆ ಬಿಟ್ಟವನು ನಾನು ಗ್ಯಾರೇಜು ಸೇರಿ ಬೈಕುಗಳಿಗೆ ಪೇಂಟ್ ಹೊಡೆಯುವುದು ಕಲಿತೆ. ಕೆಲಸದಲ್ಲಿ ನನ್ನನ್ನು ಯಾರೂ ಬೈಯಲಿಲ್ಲ. ಬೈದದ್ದು ಬಾಯಿಗೆ. ಬಿದ್ದು ತರಚಿದ ಬೈಕು ತಂದವನು, "ಗೊತ್ತೇ ಆಗಬಾರ್ದು ಕಣೋ," ಎಂದರೆ, "ಬೀಳುವಾಗ ಗೊತ್ತಾಗ್ಲಿಲ್ವಾ?" ಎನ್ನುತ್ತಿದ್ದೆ. ಕೊನೆಗೆ ಓನರು ನನ್ನ ಸ್ಪ್ರೇ ಗನ್ನು, ಹಳೇ ಕಂಪ್ರೆಸರು ಎರಡನ್ನೂ ಬಾಕಿ ಸಂಬಳದ ಬದಲು ಕೊಟ್ಟು, ಎಲ್ಲಾದರೂ ಬದುಕಿಕೋ ಎಂದು ಕಳಿಸಿದ.

ಅವನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬರುವಾಗ ಸುಗುಣಕ್ಕ ಅಡ್ಡ ನಿಂತಳು. ಸುಗುಣಕ್ಕ ನಮ್ಮ ಬೀದಿಯಲ್ಲಿ ಪಾರ್ಲರು ಇಟ್ಟವಳು. ಒಂದು ಕಡೆ ಹೆಂಗಸರಿಗೆ, ಪರದೆಯ ಈಚೆ ಗಂಡಸರಿಗೆ. ಬಾಯಲ್ಲಿ ಯಾವಾಗಲೂ ಹೇರ್‌ಪಿನ್ನು ಕಚ್ಚಿಕೊಂಡೇ ಮಾತಾಡುತ್ತಾಳೆ.

"ದೊರೆ, ಇದ್ರಲ್ಲಿ ಮನುಷ್ಯರಿಗೂ ಹೊಡೀಬಹುದಾ?"

"ಯಾರಿಗೆ ಹೊಡೀಬೇಕು ಹೇಳಕ್ಕ, ಈಗ್ಲೇ ಹೊಡೀತೀನಿ."

"ಅಯ್ಯೋ, ನಿನ್ ಕೋಪಕ್ಕಿಷ್ಟು. ಬಣ್ಣ ಕಣೋ. ಜ್ವರ ಬಂದು ಮಲಗಿದ್ದೋರು, ಬಾಣಂತೀರು, ಬಿಸಿಲು ತಪ್ಪಿಸ್ಕೊಂಡು ಕೈಸಾಲಿಗೆ ಹೆದರ್ಕೊಂಡು ನನ್ ಹತ್ರ ಬಂದು ಕಾಫಿಪುಡಿ ಹಚ್ಚು ಅಂತಾರೆ. ಬೆವತ್ರೆ ಇಳಿದು ಹೋಗುತ್ತೆ. ಹಿಂದುಗಡೆ ಉಗ್ರಾಣ ಖಾಲಿ ಇದೆ. ಒಂದು ಸಣ್ಣ ಕೋಣೆ ಮಾಡಿಕೊಡು. ಒಬ್ರು ಬಂದಿದ್ದು ಇನ್ನೊಬ್ರಿಗೆ ಗೊತ್ತಾಗಬಾರ್ದು, ಅಷ್ಟೇ."

ನನಗೆ ಈ ಕೈಸಾಲಿನ ಮೇಲೆ ಮೊದಲಿಂದಲೂ ಉರಿ. ಬಾಣಂತಿಯ ಕೈ ಹಿಡಿದು ಎಲ್ಲಿಗೆ ಹೋಗಿದ್ದೆ ಎಂದು ಕೇಳುವ ಊರು ಇದು. ಅದಕ್ಕೇ ಒಪ್ಪಿಕೊಂಡೆ.

ಉಗ್ರಾಣದಲ್ಲಿದ್ದ ಮುರಿದ ಕುರ್ಚಿ, ಬಣ್ಣಗೆಟ್ಟ ಕನ್ನಡಿ, ಕೂದಲು ತುಂಬಿದ ಗೋಣಿಚೀಲ ಎಲ್ಲ ಹೊರಗೆ ಹಾಕಿದೆ. ಗೋಡೆಗೆ ಸುತ್ತಲೂ ಪ್ಲಾಸ್ಟಿಕ್ ಹಾಳೆ ಹೊಡೆದೆ. ಬಾಗಿಲಿಗೆ ಒಳಗಿನಿಂದ ಎರಡು ಚಿಲಕ, ಯಾಕೆಂದರೆ ಒಂದು ಚಿಲಕ ನಂಬುವ ಜನ ಅಲ್ಲ ನಮ್ಮವರು. ಮೇಲೆ ಎಕ್ಸಾಸ್ಟ್ ಫ್ಯಾನು. ಮೊದಲು ಟ್ಯೂಬ್‌ಲೈಟ್ ಹಾಕಿದ್ದೆ. ಅದರಲ್ಲಿ ನಿಂತವರೆಲ್ಲ ಹೆಣದ ಹಾಗೆ ಕಾಣುತ್ತಾರೆಂದು ಸುಗುಣಕ್ಕ ಅದನ್ನು ಕೀಳಿಸಿ ಹಳದಿ ಬಲ್ಬು ಹಾಕಿಸಿದಳು. ಮುಂದಿನ ಬಾಗಿಲಿನಿಂದ ಹೇರ್ ಕಟ್ಟಿಂಗಿಗೆ ಬಂದವರ ಹಾಗೆ ಬರುವುದು, ಹಿಂದಿನ ಬಾಗಿಲಿನಿಂದ ಕೋಳಿಗೂಡಿನ ಸಂದಿಯಲ್ಲಿ ಹೋಗುವುದು. ಬಟ್ಟೆಗೆ ಒಂದು ಗೂಟ, ನಿಲ್ಲುವುದಕ್ಕೆ ಒಂದು ಮರದ ಹಲಗೆ. ಗಂಡಸರಿಗೆ ನಾನು ಹೊಡೆಯುವುದು, ಹೆಂಗಸರಿಗೆ ಸುಗುಣಕ್ಕ ಎಂದು ಮಾತಾಯಿತು.

ಗನ್ನು ಹಿಡಿಯುವುದನ್ನು ಅವಳಿಗೆ ಬೂದುಗುಂಬಳಕಾಯಿಯ ಮೇಲೆ ಕಲಿಸಿದೆ. ಕಾಚು, ಚಹಾದ ಡಿಕಾಕ್ಷನ್ನು, ಗೋರಂಟಿಯ ರಸ, ಅಂಟುವುದಕ್ಕೆ ಸ್ವಲ್ಪ ಗ್ಲಿಸರಿನ್. ಇಷ್ಟನ್ನು ಸೋಸಿ ಹೊಡೆದರೆ ಕುಂಬಳಕಾಯಿ ಮೂರು ದಿನ ಬಿಸಿಲಲ್ಲಿ ಮಲಗಿದ್ದ ಹಾಗೆ ಕಂಡಿತು. ಮನುಷ್ಯರಿಗೆ ಮೊದಲು ಹೊಡೆದದ್ದು ಸುಗುಣಕ್ಕನ ಕಾಲಿಗೆ. ಪೆಟ್ರೋಲ್ ಟ್ಯಾಂಕಿಗೆ ಕೊಡುವ ಪ್ರೆಶರಿನಲ್ಲೇ ಹೊಡೆದುಬಿಟ್ಟೆ. ಬಣ್ಣ ಪಟ್ಟೆ ಪಟ್ಟೆಯಾಗಿ ಪಾದದವರೆಗೂ ಇಳಿಯಿತು.

"ಏನೋ ಇದು, ಹುಲಿವೇಷ?"

"ಅಲುಗಾಡಬೇಡ ಅಂದಿದ್ನಲ್ಲಕ್ಕ."

"ತಣ್ಣಗಿದ್ರೆ ಅಲುಗಾಡದೆ ಏನು ಮಾಡ್ಲಿ? ನಿನ್ ಬೈಕಿಗೆ ಚಳಿ ಆಗಲ್ಲ, ನನಗಾಗುತ್ತೆ."

ಆ ಮಾತು ಸರಿ ಎನಿಸಿತು. ಅವತ್ತಿನಿಂದ ಬಣ್ಣವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರುಬೆಚ್ಚಗೆ ಮಾಡಿ, ಪ್ರೆಶರ್ ಅರ್ಧಕ್ಕೆ ಇಳಿಸಿ, ದೂರದಿಂದ ಮಂಜು ಬಿದ್ದ ಹಾಗೆ ಹೊಡೆಯುವುದು ರೂಢಿ ಮಾಡಿಕೊಂಡೆವು. ಅವಳು ಒಂದು ವಾರ ಸೀರೆಯನ್ನು ಪಾದ ಮುಚ್ಚುವ ಹಾಗೆ ಉಟ್ಟುಕೊಂಡು ಓಡಾಡಿದಳು.

ಬಿಸಿಲು ನಮ್ಮ ಬೀದಿಗೆ ಬರುವುದಕ್ಕೆ ಇನ್ನೂ ಕೆಲವು ದಿನ ಇರುವಾಗ ಇಂದುಮತಿ ಬಂದಳು. ಲಕ್ಕಣ್ಣನ ಮಗಳು. ಶಾಲೆಯಲ್ಲಿ ನನ್ನ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವಳು. ಕೋಣೆಯ ಒಳಗೆ ಬಂದು, ಎರಡು ಚಿಲಕವನ್ನೂ ನೋಡಿ, ಸುಗುಣಕ್ಕ ಪಕ್ಕದಲ್ಲಿದ್ದಾಳೆ ಎಂದು ಖಾತ್ರಿ ಮಾಡಿಕೊಂಡು, ರವಿಕೆಯ ಉದ್ದ ತೋಳನ್ನು ಮೇಲೆ ಸರಿಸಿದಳು. ಎಡಗೈ ನಮ್ಮೆಲ್ಲರ ಹಾಗೆ ಅವರೆಬೇಳೆ. ಬಲಗೈ ಮೊಣಕೈಯಿಂದ ಬೆರಳಿನವರೆಗೆ ಹುರಿದ ಕಡಲೆಬೀಜದ ಬಣ್ಣ.

ಗ್ಯಾರೇಜಿನಲ್ಲಿ ಅಂಥ ಕೈ ನಾನು ಎಷ್ಟೋ ನೋಡಿದ್ದೆ. "ಗಾಡಿ ಓಡಿಸ್ತಿದೀಯಾ," ಎಂದೆ.

"ಇಟ್ಟಿಗೆ ಬೀದಿ ಸಲೀಮಣ್ಣ ಕಲಿಸಿದ್ರು. ಅಪ್ಪನಿಗೆ ಹೊಲಿಗೆ ಕ್ಲಾಸು ಅಂತ ಹೇಳಿದೀನಿ. ಕಿಟಕಿ ಮೇಲೆ ಕೈ ಇಡಬಾರ್ದು ಅಂತ ಗೊತ್ತು. ಮರ್ತುಹೋಗುತ್ತೆ."

"ಲೈಸೆನ್ಸು?"

"ಬಂದಿದೆ. ಅಪ್ಪನಿಗೆ ಹೇಳೋ ಧೈರ್ಯ ಬಂದಿಲ್ಲ." ತೋಳು ಕೆಳಗೆಳೆದುಕೊಂಡಳು. "ಗಾಡಿ ಮಾರ್ತೀನಿ ಅಂತ ಗಿರಾಕಿ ಹುಡುಕ್ತಿದಾನೆ. ನಾನಾಗೇ ಹೇಳಿದ್ರೆ ಬೈದು, ಕೂಗಾಡಿ, ಒಪ್ಪಿದ್ರೂ ಒಪ್ಬಹುದು. ಯಜಮಾನ್ರು ಕೈಸಾಲಲ್ಲಿ ಹಿಡಿದು ಎಲ್ರೆದುರು ಕೇಳಿದ್ರೆ ಅವತ್ತೇ ಮಾರಿಬಿಡ್ತಾನೆ. ಆಮೇಲೆ ನಾನು ಏನು ಓಡಿಸ್ಲಿ, ಹೊಲಿಗೆ ಮಿಷನ್ನಾ?"

ಬಲಗೈಗೆ ತಿಳಿಬಣ್ಣ ಹೊಡಿ ಎನ್ನುವುದು ಅವಳ ಬೇಡಿಕೆ. ಆಗುವುದಿಲ್ಲ ಎಂದೆ. ಕಪ್ಪಿನ ಮೇಲೆ ತಿಳಿ ಕೂರಬೇಕಾದರೆ ಕೆಳಗೆ ಬಿಳಿ ಪ್ರೈಮರ್ ಬೇಕು, ಪ್ರೈಮರ್ ಹೊಡೆದರೆ ಕೈ ಹೋಗಿ ಗೋಡೆಯಾಗುತ್ತದೆ. ಆಗುವುದು ಒಂದೇ: ಎಡಗೈ, ಮುಖ, ಕುತ್ತಿಗೆ, ಪಾದ ಎಲ್ಲವನ್ನೂ ಆ ಬಲಗೈಯ ಬಣ್ಣಕ್ಕೆ ತರುವುದು.

"ಆಗ ಎಲ್ರಿಗಿಂತ ಕಪ್ಪಗೆ ಕಾಣಲ್ವಾ?"

ಸುಗುಣಕ್ಕ ಹೇರ್‌ಪಿನ್ನು ಬಾಯಿಂದ ತೆಗೆದಳು. "ಮೈಯೆಲ್ಲ ಒಂದೇ ಬಣ್ಣ ಇದ್ರೆ, ಹುಡುಗಿ ಎರಡು ದಿನಾನೂ ಚೆನ್ನಾಗಿ ನಿಂತಿದ್ಲು ಅಂತಾರೆ. ಎರಡು ಕೈ ಎರಡು ಬಣ್ಣ ಇದ್ರೆ ಕಥೆ ಕಟ್ತಾರೆ. ದಾರಿ ಇರೋದು ಇದೊಂದೇ ಕಣಮ್ಮ."

ಕೈಸಾಲಿನ ಹಿಂದಿನ ದಿನ ಬಾ ಎಂದು ಕಳಿಸಿದೆವು. ಅವಳ ಬಲಗೈಯನ್ನು ಹಳದಿ ಬಲ್ಬಿನ ಕೆಳಗೆ ಹಿಡಿದು ನೋಡಿ ನೋಡಿ ಬಣ್ಣ ಕೂಡಿಸಿಟ್ಟಿದ್ದೆ. ಒಂದು ಸಲ ಕೂಡಿಸಿದ ಬಣ್ಣ ಇನ್ನೊಂದು ಸಲ ಹಾಗೇ ಬರುವುದಿಲ್ಲ. ಅದಕ್ಕೇ ಗ್ಯಾರೇಜಿನಲ್ಲಿ ಯಾರೂ ಲೋಟದಲ್ಲಿ ಕೂಡಿಸುವುದಿಲ್ಲ. ನಾನೂ ಅಭ್ಯಾಸಬಲದಿಂದ ನೀರು ಹಿಡಿಯುವ ನೀಲಿ ಡ್ರಮ್ಮಿನ ತುಂಬ ಕೂಡಿಸಿದೆ. ಇದೇ ನಾನು ಮಾಡಿದ ಎಡವಟ್ಟು, ಆದರೆ ಅವತ್ತು ಅದು ಎಡವಟ್ಟು ಎಂದು ಗೊತ್ತಾಗಲಿಲ್ಲ.

ಬಿಸಿಲು ಬಂತು. ಅದು ಬರುವಾಗ ಬೀದಿಯ ಮೂಲೆಯಲ್ಲಿ ಮೊದಲು ನಾಯಿಗಳಿಗೆ ನೆರಳು ಹುಟ್ಟುತ್ತದೆ. ಆಮೇಲೆ ಕಂಬಗಳಿಗೆ, ಆಮೇಲೆ ನಮಗೆ. ಜನ ಹಾಸಿಗೆ, ಸಂಡಿಗೆ, ಎಣ್ಣೆ ಹಚ್ಚಿದ ಕೂಸು, ಹಾಸಿಗೆ ಹಿಡಿದ ಅಜ್ಜಿ, ಎಲ್ಲವನ್ನೂ ಬೀದಿಗೆ ತಂದು ಹರಡಿದರು. ನಾನು ಅಂಗಿ ಬಿಚ್ಚಿ ಎರಡು ದಿನವೂ ಬೀದಿಯ ನಡುಮಧ್ಯದಲ್ಲಿ ನಿಂತೆ. ನನಗೆ ಯಾವ ಕೋಣೆಯೂ ಬೇಡ, ನನ್ನ ಬಣ್ಣ ನನ್ನದು ಎಂದು ಊರಿಗೆಲ್ಲ ಕಾಣಲಿ ಎಂದೇ ನಿಂತೆ.

ಎರಡನೇ ದಿನ ಸಂಜೆ ಬಿಸಿಲು ಮೊದಲನೇ ಬೀದಿಗೆ ಹೋಯಿತು. ಮಾರನೇ ಬೆಳಿಗ್ಗೆ ಪಾರ್ಲರಿನ ಬಾಗಿಲು ತೆಗೆದರೆ ಎದುರಿಗೆ ಪುಟ್ಟಮಾದಯ್ಯನವರು. ಟೋಪಿ ತೆಗೆದು ಬೋಳುತಲೆ ಸವರಿಕೊಂಡು, "ಕಟ್ಟಿಂಗು," ಎಂದರು.

"ಎಲ್ಲಿ ಮಾಡ್ಲಿ ಯಜಮಾನ್ರೇ?"

ಅವರು ಒಳಕೋಣೆಯ ಕಡೆ ಕಣ್ಣು ತೋರಿಸಿದರು. ಚಿಲಕ ಎರಡೂ ಹಾಕಿ ಅಂಗಿ ಬಿಚ್ಚಿದಾಗ ನೋಡಿದೆ. ಮೈ ಬೆಣ್ಣೆಯ ಹಾಗಿತ್ತು.

"ಬಿಸಿಲಿಗೆ ನಿಂತ್ರೆ ನನಗೆ ಬೆವರುಸಾಲೆ ಕಣೋ ದೊರೆ. ಮೊದಲಿಂದಲೂ ಅಷ್ಟೇ. ಬೆಲ್ಲದ ನೀರು ಬಳ್ಕೊಂಡು ಬರ್ತಿದ್ದೆ. ನೋಡೋನು ನಾನೇ, ನನ್ ಕೈ ನೋಡೋರ್ಯಾರು? ಆದ್ರೆ ಹೋದ್ಸಲ ನೊಣ ಮುತ್ತಿದ್ವು."

ನನಗೆ ಮೈ ಉರಿದುಹೋಯಿತು. "ಎಲ್ಲೋಗಿದ್ದೆ ಅಂತ ಊರಿಗೆಲ್ಲ ಕೇಳ್ತೀರಲ್ಲ, ನಿಮ್ಮನ್ನ ಯಾರು ಕೇಳ್ಬೇಕು?"

"ಅದಕ್ಕೇ ನಿನ್ ಹತ್ರ ಬಂದಿರೋದು. ನೀನು ಬೈತೀಯ, ಆದ್ರೆ ಚಾಡಿ ಹೇಳಲ್ಲ."

ಹೊಗಳಿದರೋ ಏನೋ, ಗನ್ನು ಒತ್ತಿದೆ. ಅವರು ಹಿಂಬಾಗಿಲಿನಿಂದ ಹೋಗುವಷ್ಟರಲ್ಲಿ ಮುಂಬಾಗಿಲಿನಲ್ಲಿ ಇನ್ನೊಬ್ಬರು. ಸೊಸೆಯ ಮೇಲೆ ಮುನಿಸಿಕೊಂಡು ಎರಡು ದಿನ ಅಡುಗೆಮನೆಯಿಂದ ಹೊರಗೇ ಬಾರದ ಅತ್ತೆ. ಅತ್ತೆ ಹೋದ ಮೇಲೆ, ಅತ್ತೆ ಅಡುಗೆಮನೆ ಬಿಡಲಿ ಎಂದು ಕಾದು ತಾನೂ ಹೊರಗೆ ಹೋಗದ ಸೊಸೆ. ಹೊಸದಾಗಿ ಮದುವೆಯಾದ ಗಂಡು, ಸ್ವಲ್ಪ ಹೊತ್ತಿನ ಮೇಲೆ ಅವನ ಹೆಂಡತಿ. ಇಬ್ಬರಿಗೂ ಜ್ವರವಂತೆ. ಇಸ್ಪೀಟು ಆಡುತ್ತಾ ಕೂತು ಬಿಸಿಲು ಬಂದದ್ದೇ ತಿಳಿಯದ ನಾಲ್ಕು ಜನ ಬೇರೆ ಬೇರೆಯಾಗಿ ಬಂದು, ಒಬ್ಬೊಬ್ಬನೂ ಉಳಿದ ಮೂವರಿಗೆ ಹೇಳಬೇಡ ಎಂದ. ಮಧ್ಯಾಹ್ನದ ಹೊತ್ತಿಗೆ, ನನ್ನ ಪಕ್ಕದಲ್ಲೇ ಎರಡು ದಿನ ನಿಂತು ಬೆಂದವರೂ ಬರತೊಡಗಿದರು. "ನಿಂತಿದ್ದೆ, ಆದ್ರೂ ಸರಿಯಾಗಿ ಹತ್ತಿಲ್ವೇನೋ ಅಂತ ಅನುಮಾನ. ಒಂದ್ ಕೈ ಸುಮ್ನೆ ಹೊಡಿ." ಬೇಡ ಹೋಗಿ ಎಂದರೆ ಹೋಗುವವರಲ್ಲ. ಎಲ್ಲರಿಗೂ ಹೊಡೆದೆವು, ಹೆಂಗಸರಿಗೆ ಸುಗುಣಕ್ಕ. ಎಲ್ಲರಿಗೂ ಬೈದೆ. ಎಲ್ಲರಿಂದಲೂ ಆಣೆ ಹಾಕಿಸಿಕೊಂಡೆ, ಬಾಯಿ ಬಿಡುವುದಿಲ್ಲ ಎಂದು. ಇಂದುಮತಿ ಬಂದು ಸುಗುಣಕ್ಕನ ಕೈಯಿಂದ ಹೊಡೆಸಿಕೊಂಡು ಹೋದದ್ದು ಕೊನೆಗೆ. ಡ್ರಮ್ಮಿನ ತಳದಲ್ಲಿ ಮಿಕ್ಕಿದ್ದನ್ನು ಸುಗುಣಕ್ಕ ತನಗೇ ಹೊಡೆದುಕೊಂಡಳು. ಬಿಸಿಲಿದ್ದ ಎರಡು ದಿನವೂ ಪಾರ್ಲರಿನ ಗಿರಾಕಿಗಳ ನಡುವೆ ಅವಳಿಗೆ ಹೊರಗೆ ನಿಲ್ಲಲು ಬಿಡುವೇ ಸಿಕ್ಕಿರಲಿಲ್ಲ.

ಕೈಸಾಲಿನ ದಿನ ಜಗಲಿಯ ಮುಂದೆ ಎಲ್ಲರೂ ಸೇರಿದರು. ಲಕ್ಕಣ್ಣನಿಗೆ ಕೈಸಾಲಿಲ್ಲ, ಕೋಲು ಊರಿಕೊಂಡು ಪಕ್ಕಕ್ಕೆ ನಿಂತಿದ್ದ. ಇಂದುಮತಿ ಸಾಲಿನ ನಡುವೆ. ಅವಳು ಎರಡು ಕೈಯನ್ನೂ ಪಕ್ಕಪಕ್ಕದಲ್ಲಿಟ್ಟು ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದುದು ಈ ತುದಿಯಲ್ಲಿದ್ದ ನನಗೆ ಕಾಣುತ್ತಿತ್ತು. ಪುಟ್ಟಮಾದಯ್ಯನವರು ಆ ತುದಿಯಿಂದ ಶುರು ಮಾಡಿದರು.

ಎಲ್ಲರೂ ಕೈ ಚಾಚಿದಾಗಲೇ ನನಗೆ ಹೊಳೆದದ್ದು. ಜಗಲಿಯ ಮೇಲೆ ಆ ಕೊನೆಯಿಂದ ಈ ಕೊನೆಯವರೆಗೆ ಹುರಿದ ಕಡಲೆಬೀಜ. ಒಂದೇ ಹುರಿ, ಒಂದೇ ಬಾಣಲೆ. ಅತ್ತೆಯ ಕೈ, ಸೊಸೆಯ ಕೈ, ಮದುಮಗನ ಕೈ, ಇಸ್ಪೀಟಿನ ನಾಲ್ಕು ಜೊತೆ ಕೈ. ಇಡೀ ಕೊನೇಬೀದಿಗೆ ಇಂದುಮತಿಯ ಬಲಗೈ ಬಂದಿತ್ತು. ಪ್ರತಿಯೊಬ್ಬರೂ ಮೊದಲು ತಮ್ಮ ಕೈ ನೋಡಿಕೊಂಡರು, ಆಮೇಲೆ ಪಕ್ಕದ ಕೈ, ಆಮೇಲೆ ಮೇಲೆ ಆಕಾಶ.

ಪುಟ್ಟಮಾದಯ್ಯನವರು ನಡೆಯುತ್ತಾ ಬಂದರು. ಹೆಜ್ಜೆ ಹೆಜ್ಜೆಗೂ ಅವರ ಮುಖ ಕೆಂಪಗಾಗುತ್ತಿತ್ತು, ಬಣ್ಣದ ಒಳಗಿಂದಲೂ ಗೊತ್ತಾಗುತ್ತಿತ್ತು. ಇಂದುಮತಿಯ ಮುಂದೆ ಬಗ್ಗಿದರು. ಎಡಗೈ ನೋಡಿದರು, ಬಲಗೈ ನೋಡಿದರು. ತಮ್ಮ ಎರಡು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮುಂದೆ ಬಂದರು. ಅವಳ ಭುಜ ಇಳಿಯಿತು.

ಸಾಲಿನ ಕೊನೆಯಲ್ಲಿ ನಾನು. ಎರಡು ದಿನ ನಡುಬೀದಿಯಲ್ಲಿ ನಿಂತು ಸಂಪಾದಿಸಿದ ನನ್ನ ನಿಜವಾದ ಬಣ್ಣ ಆ ಸಾಲಿನಲ್ಲಿ ಕಡಲೆಬೀಜದ ನಡುವೆ ಬಿದ್ದ ಅಕ್ಕಿಕಾಳಿನ ಹಾಗೆ ಬಿಳಿಚಿಕೊಂಡಿತ್ತು. ಪುಟ್ಟಮಾದಯ್ಯನವರು ನಿಂತರು. ನಿಲ್ಲದೆ ಅವರಿಗೂ ದಾರಿ ಇರಲಿಲ್ಲ.

"ಎಲ್ಲೋಗಿದ್ದೆ?" ಎಂದರು, ನೆಲ ನೋಡುತ್ತಾ.

ನನ್ನ ತಲೆಗೆ ರಕ್ತ ಏರಿತು. ಎಲ್ಲೋಗಿದ್ದೆ ಅಂತ ನನ್ನನ್ನು ಕೇಳುತ್ತಾನೆ, ಬೆಲ್ಲದ ನೀರಿನ ಮನುಷ್ಯ. ಬಾಯಿ ತೆರೆದೆ. ಡ್ರಮ್ಮು, ಗನ್ನು, ಒಬ್ಬೊಬ್ಬರ ಹೆಸರು, ಎಲ್ಲ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಸಾಲಿಗೆ ಸಾಲೇ ನನ್ನ ಕಡೆ ತಿರುಗಿತ್ತು. ಸುಗುಣಕ್ಕ ಹೇರ್‌ಪಿನ್ನು ಕಚ್ಚಿಕೊಂಡೇ ಕಣ್ಣು ಮುಚ್ಚಿದ್ದಳು. ಇಂದುಮತಿ ಮಾತ್ರ ಕಣ್ಣು ಮುಚ್ಚದೆ ನೋಡುತ್ತಿದ್ದಳು. ಒಬ್ಬರ ಹೆಸರು ಹೇಳಿದರೆ ಡ್ರಮ್ಮಿನ ಮಾತು ಬರುತ್ತದೆ. ಡ್ರಮ್ಮಿನ ಮಾತು ಬಂದರೆ, ಆ ಬಣ್ಣವನ್ನು ಯಾರ ಕೈ ನೋಡಿ ಕೂಡಿಸಿದೆ ಎನ್ನುವುದೂ ಬರುತ್ತದೆ.

"ಮಲಗಿದ್ದೆ," ಎಂದೆ.

"ಎರಡು ದಿನ?"

"ನಿದ್ದೆ ಬಂತು."

ಆ ಸಾಲಿನಿಂದ ಬಂದ ನಿಟ್ಟುಸಿರು ಹಾಸಿಗೆ ಕೊಡವಿದ ಹಾಗಿತ್ತು. ಆಮೇಲೆ ಎಲ್ಲರೂ ಸೇರಿ ನನ್ನನ್ನು ಬೈಯುವುದಕ್ಕೆ ಶುರು ಮಾಡಿದರು. "ಸೋಂಬೇರಿ," ಎಂದರು ಇಸ್ಪೀಟಿನವರು. "ನಮ್ ಕಾಲದಲ್ಲಿ ಹೆರಿಗೆ ನೋವಲ್ಲೂ ಬಂದು ನಿಲ್ತಿದ್ವಿ," ಎಂದಳು ಅತ್ತೆ. ಬೈಯುತ್ತಲೇ ಬಂದು ನನ್ನ ಜೇಬಿಗೆ ಎರಡು ಚಕ್ಕುಲಿ ತುರುಕಿದಳು. ಮದುಮಗ ಬೆನ್ನು ತಟ್ಟಿ, "ಥೂ ನಿನ್," ಎಂದು ತನ್ನ ಹೊಸ ಟವಲನ್ನು ನನ್ನ ತಲೆಗೆ ಕಟ್ಟಿದ. ನನ್ನ ಜೀವನದಲ್ಲಿ ಅಷ್ಟು ಜನ ಅಷ್ಟು ಪ್ರೀತಿಯಿಂದ ಬೈದದ್ದಿಲ್ಲ. ನನಗೆ ಕೋಪ ಮಾಡಿಕೊಳ್ಳುವುದಕ್ಕೇ ಆಗಲಿಲ್ಲ, ಅದೊಂದು ಹಿಂಸೆ.

"ಕಟ್ಟಳೆ ಕಟ್ಟಳೆನೇ," ಎಂದರು ಪುಟ್ಟಮಾದಯ್ಯನವರು. "ಮೊದಲನೇ ಬೀದೀಲಿ ಇವತ್ತು ಸಂಜೆವರೆಗೂ ಬಿಸಿಲಿದೆ. ಹೋಗಿ ಬೇಡ್ಕೊಂಡು ಬರ್ಲಿ. ಇವನ್ನ ಕರ್ಕೊಂಡು ಹೋಗೋರ್ಯಾರು?"

ಎಲ್ಲರೂ ಲಕ್ಕಣ್ಣನ ಕಡೆ ನೋಡಿದರು. ಲಕ್ಕಣ್ಣ ಕೋಲಿನ ಮೇಲೆ ಗದ್ದ ಊರಿಕೊಂಡ. "ನನಗೆ ರಸ್ತೆ ಯಾವ್ದು, ಮೋರಿ ಯಾವ್ದು ತಿಳಿಯಲ್ಲ ಯಜಮಾನ್ರೇ. ಗಾಡಿಗೆ ಗಿರಾಕಿ ನೋಡಿದೀನಿ."

ಆಗ ಇಂದುಮತಿ ಜಗಲಿಯ ಮೇಲಿಂದ ಕೈ ತೆಗೆದು, ಸಾಲು ಬಿಟ್ಟು, ಅಪ್ಪನ ಮುಂದೆ ಬಂದು ನಿಂತಳು.

"ಬೀಗದಕೈ ಕೊಡಪ್ಪ. ನಾನು ಬಿಟ್ಟು ಬರ್ತೀನಿ."

"ನಿನಗೆಲ್ಲಿ ಬರುತ್ತೆ?"

"ಬರುತ್ತೆ."

"ಯಾರು ಹೇಳ್ಕೊಟ್ರು?"

"ಬಂದ ಮೇಲೆ ಎಲ್ಲಾ ಹೇಳ್ತೀನಿ. ಬೈದ್ರೆ ಬೈಸ್ಕೊಳ್ತೀನಿ. ಈಗ ಅವನು ನಿಂತಿದಾನೆ ನೋಡು, ಬಿಸಿಲು ಹೋಗಿಬಿಡುತ್ತೆ."

ಲಕ್ಕಣ್ಣ ಮುಖವನ್ನು ಯಜಮಾನರ ದನಿ ಬಂದಿದ್ದ ಕಡೆಗೆ ತಿರುಗಿಸಿದ. ಇಡೀ ಬೀದಿಯೂ ಅವರನ್ನೇ ನೋಡಿತು, ಚೆನ್ನಾಗಿ ಹುರಿದ ಮುಖ ಹೊತ್ತು. ಪುಟ್ಟಮಾದಯ್ಯನವರು ಗಂಟಲು ಸರಿಮಾಡಿಕೊಂಡರು. "ಬೀದಿ ಕೆಲಸ ಲಕ್ಕಣ್ಣ. ಓಡಿಸೋರು ಯಾರಾದ್ರೇನು? ಓಡಿಸೋರಿಗೆ ಕೈಸಾಲಿಲ್ಲ. ಇವತ್ತಿಂದ ಅವಳಿಗೂ ಇಲ್ಲ."

ಲಕ್ಕಣ್ಣ ಬಹಳ ಹೊತ್ತು ಉಡಿದಾರ ತಡವಿದ. ಕೊನೆಗೆ ಬೀಗದಕೈ ಬಿಚ್ಚಿ, ಕೊಡುವುದೋ ಬೇಡವೋ ಎನ್ನುವ ಹಾಗೆ ಗಾಳಿಯಲ್ಲಿ ಹಿಡಿದ. ಅವಳು ತೆಗೆದುಕೊಂಡಳು.

ನಾನು ಗಾಡಿಯ ಹಿಂಬದಿಗೆ ಹತ್ತಿ ನಿಂತೆ. ತಿಂಗಳುಗಟ್ಟಲೆ ನಿಂತಿದ್ದ ಇಂಜಿನ್ನು ಕೆಮ್ಮಿ ಸುಮ್ಮನಾಯಿತು. "ತಳ್ಳಿ," ಎಂದಳು ಕಿಟಕಿಯಿಂದ ತಲೆ ಹಾಕಿ, ಯಾರಿಗೆ ಹೇಳುತ್ತಿದ್ದೇನೆ ಎನ್ನುವ ಅಂಜಿಕೆ ಒಂದಿಷ್ಟೂ ಇಲ್ಲದೆ. ಜನ ಬಂದು ಹಿಂಬದಿಯ ಪಟ್ಟಿಗೆ ಕೈ ಕೊಟ್ಟರು. ನನ್ನ ಕಾಲಬಳಿ ಸಾಲಾಗಿ ಒಂದೇ ಬಣ್ಣದ ಕೈಗಳು, ಯಜಮಾನರದ್ದೂ ಸೇರಿ. ಯಾವುದು ಯಾರದ್ದೆಂದು ಗುರುತೇ ಸಿಗಲಿಲ್ಲ. ತಳ್ಳಿದರು. ಗಾಡಿ ಉರುಳಿತು, ಎರಡು ಸಲ ಜಗ್ಗಿತು, ಹಿಡಿದುಕೊಂಡಿತು.

ಬೀದಿಯ ಕೊನೆಯಲ್ಲಿ ಎಡಕ್ಕೆ ಕಡಿದಾದ ತಿರುವು. "ಗೇರ್ ಇಳಿಸೇ," ಎಂದು ಲಕ್ಕಣ್ಣ ಹಿಂದಿನಿಂದ ಕೂಗಿದ. ಅವಳು ಆಗಲೇ ಇಳಿಸಿದ್ದಳು. ಅದು ಅವನ ಕಿವಿಗೆ ಬಿದ್ದಿರಬೇಕು, ಮತ್ತೆ ಕೂಗಲಿಲ್ಲ. ನಾನು ಹಿಂದಕ್ಕೆ ತಿರುಗಿ ನೋಡಿದೆ. ಎಲ್ಲರೂ ಗಾಡಿಯನ್ನು ನೋಡುತ್ತಿದ್ದರು. ಲಕ್ಕಣ್ಣ ಮಾತ್ರ ಮುಖ ಪಕ್ಕಕ್ಕೆ ತಿರುಗಿಸಿ, ಕಿವಿಯನ್ನು ನಮ್ಮ ಕಡೆಗೆ ಕೊಟ್ಟು ನಿಂತಿದ್ದ. ತಿರುವಿನಲ್ಲಿ ಅವನು ಮರೆಯಾಗುವ ಮೊದಲು ಅವಳು ಮೇಲಿನ ಗೇರಿಗೆ ಹಾಕಿದಾಗ, ಗಾಳಿಯಲ್ಲಿ ಅವನ ಎಡಗೈಯೂ ಅದೇ ಗಳಿಗೆಗೆ ಮೇಲಿನ ಗೇರಿಗೆ ಹಾಕಿತು.